ಆಟೋಮ್ಯಾಟಿಕ್ ಮನುಷ್ಯನ ಬಲಗಣ್ಣು

ನಗರದ ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಅವನು ‘ಆಟೋಮ್ಯಾಟಿಕ್’. ಈ ಬಿರುದನ್ನು ಯಾರೂ ಕರೆದು ಕೊಟ್ಟದ್ದಲ್ಲ, ಅವನೇ ಸ್ವಂತ ದುಡಿಮೆಯಿಂದ ಸಂಪಾದಿಸಿದ್ದು. ಯಾರು ಏನು ಕೇಳಿದರೂ “ಅದೆಲ್ಲಾ ಆಟೋಮ್ಯಾಟಿಕ್, ಒಂದು ಗುಂಡಿ ಒತ್ತಿದ್ರೆ ಆಯ್ತು” ಎನ್ನುವುದು ಅವನ ಪಲ್ಲವಿ. ಹಾಗೆ ಹೇಳಿದವನು ಆ ಒಂದು ಗುಂಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟೇಳದೆ ಕೂತಿರುತ್ತಾನೆ ಎಂಬುದನ್ನು ಗಮನಿಸಿದವರು ಕಡಿಮೆ. ಅವನಂತೂ ಗಮನಿಸಿಯೇ ಇರಲಿಲ್ಲ.

ಮೊದಲು ಆ ಕಚೇರಿಯಲ್ಲಿ ವಿಭಾಗಕ್ಕೊಂದು ಕಂಪ್ಯೂಟರು ಇತ್ತು. ಮೀಟರ್ ಲೆಕ್ಕಕ್ಕೆ ಒಂದು, ಪಂಪುಗಳ ಉಸ್ತುವಾರಿಗೆ ಒಂದು, ನಲ್ಲಿಯಲ್ಲಿ ನೀರು ಬಾರದವರ ಬೈಗುಳ ದಾಖಲಿಸಲು ಒಂದು. ಒಂದು ಕೆಟ್ಟು ಕೂತರೆ ಇನ್ನೊಂದು ಸುಮ್ಮನೆ ನೋಡುತ್ತಿತ್ತು, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಒಂದು ದಿನ ಮುಖ್ಯಸ್ಥರು ಎಲ್ಲೋ ಭಾಷಣ ಕೇಳಿ ಬಂದು, ನಮಗೂ ಒಂದು ಕ್ಲೌಡ್ ಬೇಕು, ಆದರೆ ಊರಿನ ನೀರಿನ ಲೆಕ್ಕ ಪರರ ಮನೆಯಲ್ಲಿ ಇಡುವುದು ಬೇಡ, ನಮ್ಮದೇ ಖಾಸಗಿ ಕ್ಲೌಡ್ ನಮ್ಮದೇ ನೆಲಮಾಳಿಗೆಯಲ್ಲಿ ಎದ್ದು ನಿಲ್ಲಲಿ ಎಂದರು. ನೆಲಮಾಳಿಗೆಯ ಸೂರಿನಲ್ಲಿ ಕಚೇರಿಯದೇ ನೀರಿನ ಕೊಳವೆ ಹಾದುಹೋಗಿತ್ತು. ಊರಿಗೆಲ್ಲ ಸೋರಿಕೆ ಸರಿಪಡಿಸುವವರ ಆ ಕೊಳವೆ ವರ್ಷಗಳಿಂದ ಸೋರುತ್ತಿತ್ತು. ಕೆಳಗೆ ಒಂದು ನೀಲಿ ಬಕೆಟ್ಟು ಕಾಯಂ ನೌಕರನಂತೆ ಕೂತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಖಾಸಗಿ ಕ್ಲೌಡ್ ಎಂದರೆ, ಒಂದಷ್ಟು ಯಂತ್ರಗಳನ್ನು ಒಟ್ಟು ಕಟ್ಟಿ ಒಂದೇ ದೊಡ್ಡ ಯಂತ್ರದಂತೆ ನಡೆಸುವುದು. ಯಾವ ವಿಭಾಗ ಕೇಳಿದರೂ ಅದರಲ್ಲಿ ಒಂದು ಪಾಲು ಕೊಡುವುದು. ಒಂದು ಯಂತ್ರ ಮಲಗಿದರೆ ಅದರ ಕೆಲಸವನ್ನು ಪಕ್ಕದ್ದು ಎತ್ತಿಕೊಳ್ಳಬೇಕು. ಅಷ್ಟು ಯಂತ್ರಗಳನ್ನು ಕೈಯಿಂದ ಹೊಂದಿಸುತ್ತಾ ಕೂತರೆ ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ಮರೆತುಹೋಗುತ್ತದೆ. ಅದಕ್ಕೇ ಸ್ಕ್ರಿಪ್ಟ್. ಯಾವ ಯಂತ್ರ ಹೇಗಿರಬೇಕು ಎಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದು ಓಡಿಸಿದರೆ, ಅದು ಒಂದೊಂದೇ ಯಂತ್ರದ ಬಾಗಿಲು ತಟ್ಟಿ, ಇಲ್ಲದ್ದನ್ನು ಹಾಕಿ, ಬೇಡದ್ದನ್ನು ಕಿತ್ತು, ಎಲ್ಲವನ್ನೂ ಒಂದೇ ಅಚ್ಚಿಗೆ ತರುತ್ತದೆ. ಹತ್ತು ಸಲ ಓಡಿಸಿದರೂ ಫಲ ಒಂದೇ. ನಮ್ಮ ಆಟೋಮ್ಯಾಟಿಕ್ ಈ ಸ್ಕ್ರಿಪ್ಟನ್ನು ಬಲು ಪ್ರೀತಿಯಿಂದ ಬರೆದ. ನೀರಿನ ಕಚೇರಿಯ ಜಾತಕವೇ ಅದರಲ್ಲಿದೆ ಎಂದು ಮೀಸೆಯ ಮೇಲೆ ಕೈ ಹಾಕಿದ. ಮೀಸೆ ಇರಲಿಲ್ಲ, ಆ ಮಾತು ಬೇರೆ.

ತೊಂದರೆ ಶುರುವಾದದ್ದು ಸಾಲುಗಳು ಬಾಗತೊಡಗಿದಾಗ. ಈ ಬಗೆಯ ಫೈಲಿನಲ್ಲಿ ಸಾಲಿನ ಮೊದಲಿಗೆ ಬಿಡುವ ಖಾಲಿ ಜಾಗಕ್ಕೂ ಲೆಕ್ಕವುಂಟು. ಒಂದು ಜಾಗ ಹೆಚ್ಚಾದರೂ ಸ್ಕ್ರಿಪ್ಟ್ ಮುನಿಸಿಕೊಂಡು ನಿಲ್ಲುತ್ತದೆ. ಒಂದು ಬೆಳಿಗ್ಗೆ ಅವನಿಗೆ ತೆರೆಯ ಮೇಲಿನ ಸಾಲುಗಳೆಲ್ಲ ನಡುವಿನಲ್ಲಿ ಸೊಟ್ಟಗೆ ಕಂಡವು. ಮಾನಿಟರು ಹಳೆಯದಾಯಿತು ಎಂದು ಉಗ್ರಾಣದಿಂದ ಬೇರೆ ತರಿಸಿದ. ಅದರಲ್ಲೂ ಸೊಟ್ಟ. ಉಗ್ರಾಣದವರಿಗೆ ಕಟುವಾದ ಪತ್ರ ಬರೆದು ಇನ್ನೊಂದು ತರಿಸಿದ. ಅದೂ ಸೊಟ್ಟವಾದಾಗ, ಇದು ಮಾನಿಟರಿನ ತಪ್ಪಲ್ಲ, ಫೈಲಿನಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂಬ ತೀರ್ಮಾನಕ್ಕೆ ಬಂದ. ‘ಯಾರೋ’ ಎಂದರೆ ಆ ನೆಲಮಾಳಿಗೆಯಲ್ಲಿ ಇನ್ನೊಬ್ಬರೇ ಇದ್ದದ್ದು. ಕೇಬಲ್ಲು, ಸ್ವಿಚ್ಚುಗಳ ಹೊಣೆ ಹೊತ್ತಿದ್ದ ಇಂಜಿನಿಯರ್, ಎಲ್ಲರೂ ನೆಟ್‌ವರ್ಕ್ ಮೇಡಂ ಎಂದು ಕರೆಯುತ್ತಿದ್ದವರು.

“ಮೇಡಂ, ನೀವು ತಿದ್ದಿರೋ ಸಾಲುಗಳು ಯಾಕೆ ಹೀಗೆ ಬಳುಕ್ತಾ ಇವೆ? ಜಾಗ ಬಿಡೋದನ್ನ ಸರಿಯಾಗಿ ಕಲೀರಿ,” ಎಂದ.

ಮೇಡಂ ಜಗಳಗಂಟಿಯಲ್ಲ, ಆದರೆ ಸುಮ್ಮನೆ ಕೇಳಿಸಿಕೊಳ್ಳುವವರೂ ಅಲ್ಲ. ಮೇಜಿನ ಖಾನೆಯಿಂದ ಸ್ಟೀಲಿನ ಅಳತೆಪಟ್ಟಿ ತೆಗೆದು ತೆರೆಯ ಮೇಲೆ ಒತ್ತಿ ಹಿಡಿದರು. “ನೆಟ್ಟಗಿದೆ ಸಾರ್. ನೋಡಿ.”

“ಪಟ್ಟೀನೇ ಸೊಟ್ಟಗಿದೆಯಲ್ರೀ.”

ಈ ಮಾತು ಬಾಯಿಂದ ಬಿದ್ದ ಮೇಲೆ ಅದು ಅವನ ಕಿವಿಗೇ ಕೇಳಿಸಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಅವನು ಎಷ್ಟೋ ಜನರ ಮೇಲೆ ಪ್ರಯೋಗಿಸಿದ್ದ. ತನ್ನ ಮೇಲೆ ಬಳಸುವ ಸಂದರ್ಭ ಬರುತ್ತದೆಂದು ಎಣಿಸಿರಲಿಲ್ಲ. ಮೇಡಂ ನಗಲಿಲ್ಲ. “ಸಾರ್, ಎಡಗಣ್ಣು ಮುಚ್ಚಿ ನನ್ನ ಮುಖ ನೋಡಿ,” ಎಂದರು. ಅವನು ಮುಚ್ಚಿ ನೋಡಿದ. ಕಿವಿಯೋಲೆ ಇತ್ತು, ಕೂದಲಿತ್ತು, ಗದ್ದವಿತ್ತು. ಮೂಗಿರಬೇಕಾದಲ್ಲಿ ಒಂದು ಬೂದು ಮಚ್ಚೆ ಇತ್ತು.

“ನಿಮ್ಮ ಮೂಗು ಕಾಣಿಸ್ತಾ ಇಲ್ಲ ಮೇಡಂ,” ಎಂದ.

ಕಣ್ಣಿನ ಡಾಕ್ಟರು ಯಂತ್ರದ ಮುಂದೆ ಗದ್ದ ಊರಿಸಿ ನೋಡಿ, ಬಲಗಣ್ಣಿನ ಹಿಂಬದಿಯ ಪರದೆಯಲ್ಲಿ ನಟ್ಟನಡುವೆ ಸಣ್ಣ ತೂತು ಬಿದ್ದಿದೆ ಎಂದರು. ಆಪರೇಷನ್ ಮಾಡಿ ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಡುತ್ತಾರೆ. ಗುಳ್ಳೆ ಮೇಲಕ್ಕೆ ತೇಲುವ ಸ್ವಭಾವದ್ದು. ಮನುಷ್ಯ ಬೋರಲಾಗಿ ಮಲಗಿದರೆ ಅದು ಹಿಂಬದಿಯ ತೂತಿಗೆ ಒತ್ತಿ ನಿಂತು, ತೂತು ಮುಚ್ಚಿಕೊಳ್ಳುತ್ತದೆ. “ಒಂದು ವಾರ ಮುಖ ಕೆಳಗೆ. ಉಣ್ಣುವಾಗಲೂ, ಮಲಗುವಾಗಲೂ ಹಾಗೇ ಇರ್ಬೇಕು. ಕಂಪ್ಯೂಟರ್ ಕಡೆ ತಿರುಗಿಯೂ ನೋಡೋ ಹಾಗಿಲ್ಲ. ಮತ್ತೆ ತಡ ಮಾಡ್ಬೇಡಿ. ತೂತು ಚಿಕ್ಕದಿರುವಾಗ ಮುಚ್ಚಿದ್ರೆ ನೋಟ ವಾಪಸ್ ಬರತ್ತೆ. ದೊಡ್ಡದಾದ್ರೆ ನಾನು ಭರವಸೆ ಕೊಡೋಕಾಗಲ್ಲ,” ಎಂದರು ಡಾಕ್ಟರು.

“ಮುಂದಿನ ತಿಂಗಳ ಕೊನೆಗೆ ಬಂದ್ರೆ ಪರವಾಗಿಲ್ವಾ ಡಾಕ್ಟ್ರೇ? ಈಗ ಹೊಸ ವ್ಯವಸ್ಥೆಗೆ ಎಲ್ಲಾ ವಿಭಾಗ ಬದಲಾಗೋದಿದೆ. ನಾನಿಲ್ಲದೆ ಆಗಲ್ಲ,” ಎಂದ ಆಟೋಮ್ಯಾಟಿಕ್.

ಡಾಕ್ಟರು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಯ ಮುಖ ನೋಡಿದರು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿದುಕೊಡುವವಳು; ಹೆಚ್ಚು ಮಾತಿಲ್ಲದ ಹೆಂಗಸು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ತಿರುಗಿ ಕೂತಿದ್ದವಳು ನಡುದಾರಿಯಲ್ಲಿ ಒಮ್ಮೆ ಈ ಕಡೆ ತಿರುಗಿದಳು.

“ರೀ, ಒಂದು ಕೇಳ್ತೀನಿ. ಎಲ್ಲಾ ಆಟೋಮ್ಯಾಟಿಕ್ ಅಂತೀರಲ್ಲ, ಮತ್ತೆ ಮಲಗೋಕೆ ಏನು ಕಷ್ಟ?”

ಆಟೋಮ್ಯಾಟಿಕ್ ನಿಜವಾದರೆ ಮಲಗಬೇಕು. ಮಲಗಲಾಗದು ಎಂದರೆ ಇಷ್ಟು ದಿನ ಕೊಚ್ಚಿದ್ದು ಬರೀ ಜಂಬ. ಇಳಿಯುವ ನಿಲ್ದಾಣ ಬರುವವರೆಗೆ ಯೋಚಿಸಿ ಒಂದು ದಾರಿ ಕಂಡುಕೊಂಡ. ಮೇಡಂ ಒಬ್ಬರೇ ಕೂತು ಸ್ಕ್ರಿಪ್ಟ್ ಓಡಿಸಲಿ. ಎಲ್ಲ ಯಂತ್ರಗಳ ಕರೆಂಟು ತೆಗೆದು, ಸೊನ್ನೆಯಿಂದ, ತಾಲೀಮಿನ ಹಾಗೆ. ತಾನು ಕೈಕಟ್ಟಿ ಹಿಂದೆ ಕೂರುವುದು. ಅದು ಕೊನೆ ಮುಟ್ಟಿದರೆ ತಾನು ನೆಟ್ಟಗೆ ಆಸ್ಪತ್ರೆಗೆ. ಹೆಂಡತಿ, “ಬೇಗ ಮಾಡಿ,” ಎಂದಷ್ಟೇ ಹೇಳಿದಳು.

ತಾಲೀಮಿನ ದಿನ ಮೇಡಂ ಗುಂಡಿ ಒತ್ತಿದರು. ತೆರೆಯ ಮೇಲೆ ಹಸಿರು ಸಾಲುಗಳು ಒಂದರ ಹಿಂದೆ ಒಂದು ಇಳಿದುಬಂದವು. ಆಟೋಮ್ಯಾಟಿಕ್ ಎರಡೂ ಕೈಗಳನ್ನು ಕಂಕುಳಲ್ಲಿ ಬಂಧಿಸಿಟ್ಟುಕೊಂಡು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಂತೆ ಒದ್ದಾಡುತ್ತಿದ್ದ. ಮುಕ್ಕಾಲು ದಾರಿಯಲ್ಲಿ ಯಂತ್ರಗಳು ಒಂದನ್ನೊಂದು ಗುರುತು ಹಿಡಿದು ಕೈಜೋಡಿಸುವ ಹಂತ ಬಂತು. ಅಲ್ಲಿ ಒಂದು ಕೆಂಪು ಸಾಲು. ಮೂರನೇ ಯಂತ್ರ ತೋರಿಸಿದ ಗುರುತುಪತ್ರ ಸರಿಯಿಲ್ಲವೆಂದು ಉಳಿದವು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸ್ಕ್ರಿಪ್ಟ್ ನಿಂತುಹೋಯಿತು.

“ಸರೀರಿ, ಸರೀರಿ,” ಎಂದು ಅವನು ಕುರ್ಚಿ ಎಳೆದುಕೊಂಡು ಕೂತ. ಅಲ್ಲಿ ಇಲ್ಲಿ ನೋಡಿದ. ಏನೂ ತಪ್ಪು ಕಾಣಲಿಲ್ಲ. ಮತ್ತೆ ಓಡಿಸಿದ. ಸಲೀಸಾಗಿ ಕೊನೆ ಮುಟ್ಟಿತು. ಮುಂದಿನ ವಾರ ಮೇಡಂ ಕರೆಂಟು ತೆಗೆದು ಓಡಿಸಿದಾಗ ಮತ್ತೆ ಅದೇ ಜಾಗ, ಅದೇ ಕೆಂಪು ಸಾಲು. ಅವನು ಕೂತ, ಓಡಿತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋದಂತೆ ಒಂದು ಸಲವಾದರೆ ಸರಿ, ಇದು ಪ್ರತಿ ಸಲವೂ ಆಯಿತು.

ಈಗ ಹೇಳಬೇಕಾದ ಮಾತು ಅವನಿಗೆ ಶೋಭೆ ತರುವಂಥದ್ದಲ್ಲ. ಆ ಕೆಂಪು ಸಾಲು ಕಂಡಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮುಖದ ಮೇಲೆ ಚಿಂತೆ, ಹೊಟ್ಟೆಯೊಳಗೆ ಹಾಲು ಕುಡಿದ ಸಂತೋಷ. ಕಣ್ಣಿನ ತೂತು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿರುವಾಗ ಒಬ್ಬ ಮನುಷ್ಯ, ನೋಡಿದ್ರಾ, ನಾನಿಲ್ಲದೆ ನಡೆಯೋಲ್ಲ, ಎಂದು ಸುಖಪಡುವುದನ್ನು ಏನೆಂದು ಕರೆಯಬೇಕೋ ಅವನಿಗೇ ಗೊತ್ತಾಗಲಿಲ್ಲ. ಪೆದ್ದುತನ ಎಂದರೆ ಪೆದ್ದರು ಬೇಜಾರು ಮಾಡಿಕೊಂಡಾರು. ಮನೆಗೆ ಹೋಗಿ ಹೆಂಡತಿಗೆ, “ಇನ್ನೊಂದು ಸ್ವಲ್ಪ ದಿನ, ನನ್ನ ಕೈ ಬಿದ್ದರೇನೇ ಅದು ಕೇಳೋದು,” ಎನ್ನುತ್ತಿದ್ದ, ತುಂಬಾ ನೊಂದವನಂತೆ. ಅವಳು ಅಂಗಿಯ ಗುಂಡಿ ಹಚ್ಚುತ್ತಾ ತಲೆ ಎತ್ತದೆ, “ಇವತ್ತು ಗೋಡೆ ಗಡಿಯಾರದಲ್ಲಿ ಎಷ್ಟು ಕಾಣತ್ತೆ ನೋಡಿ ಹೇಳಿ, ಬಲಗಣ್ಣಲ್ಲಿ,” ಎಂದು ಕೇಳುತ್ತಿದ್ದಳು. ಮೊದಲು ಮುಳ್ಳುಗಳ ಬುಡ ಮಾತ್ರ ಮಾಯವಾಗಿತ್ತು. ಆಮೇಲೆ ಮುಳ್ಳುಗಳೇ ಹೋದವು. ಅವನು ಎಡಗಣ್ಣನ್ನು ಕೊಂಚ ತೆರೆದು ಸಮಯ ಹೇಳಿ ಸಿಕ್ಕಿಬಿದ್ದ. ಆ ದಿನ ಅವಳು ಅಡುಗೆ ಬಡಿಸಿದಳು, ಮಾತು ಬಡಿಸಲಿಲ್ಲ.

ಮಾರನೆಯ ದಿನ ಮೇಡಂ ಒಂದು ಸ್ಟೂಲು ತಂದು ಅವನ ಪಕ್ಕದಲ್ಲಿ ಹಾಕಿ ಕೂತರು. ಅವನ ಹೆಂಡತಿ ಅವರಿಗೆ ಫೋನು ಮಾಡಿದ್ದಳೆಂಬುದು ಆಮೇಲೆ ತಿಳಿಯಿತು.

“ಸಾರ್, ಇವತ್ತು ನಾನು ಓಡಿಸಲ್ಲ. ನೀವೇ ಓಡಿಸಿ. ಮಾಮೂಲಿ ಹೇಗೆ ಮಾಡ್ತೀರೋ ಹಾಗೆ. ನಾನು ತೆರೆ ನೋಡಲ್ಲ, ನಿಮ್ಮ ಕೈ ನೋಡ್ತೀನಿ.”

“ನನ್ನ ಕೈಯಲ್ಲಿ ಏನಿದೆ? ಗುಂಡಿ ಒತ್ತೋದು ಅಷ್ಟೇ, ಆಮೇಲೆ ಎಲ್ಲಾ ಆಟೋ...”

“ಒತ್ತಿ ಸಾರ್.”

ಒತ್ತಿದ. ಸಾಲುಗಳು ಓಡಿದವು. ಯಂತ್ರಗಳು ಮಲಗಿ ಎದ್ದವು. ಆ ಹೊತ್ತಿಗೆ ಅವನು ಎಂದಿನಂತೆ ಬಲಗೈಯಲ್ಲಿ ಕಾಫಿ ಲೋಟ ಎತ್ತಿಕೊಂಡ. ಕಾಫಿ ತುಟಿಗೆ ಮುಟ್ಟುವಷ್ಟರಲ್ಲಿ ಮೇಡಂ ಅವನ ಎಡಗೈಯನ್ನು ಗಬಕ್ಕನೆ ಹಿಡಿದರು.

“ಈಗ ಏನು ಟೈಪ್ ಮಾಡಿದ್ರಿ?”

“ನಾನೇನೂ ಮಾಡಿಲ್ವಲ್ಲ!”

“ತೆರೆ ಮೇಲೆ ಬೇರೆ ಕಿಟಕಿ ತೆಗೆದ್ರಿ. ಒಂದು ಸಾಲು ಹೊಡೆದ್ರಿ. ಮುಚ್ಚಿದ್ರಿ. ಕಾಫಿ ಕುಡೀತಾನೇ ಮಾಡಿದ್ರಿ.”

ಅವನು ಪ್ರಮಾಣ ಮಾಡಲು ಸಿದ್ಧನಾದ. ಮೇಡಂ ಕೀಲಿಮಣೆಯ ಮೇಲಿನ ಬಾಣದ ಗುಂಡಿ ಒತ್ತಿ ಹಿಂದೆ ಹೊಡೆದ ಸಾಲನ್ನು ಮತ್ತೆ ತೆರೆಗೆ ಕರೆದರು. ಇತ್ತು. ಮೂರನೇ ಯಂತ್ರದ ಗಡಿಯಾರವನ್ನು ಇಂದಿನ ದಿನಕ್ಕೆ ಹೊಂದಿಸುವ ಆಜ್ಞೆ.

ಕಥೆ ಹೀಗಿತ್ತು. ಆ ಮೂರನೇ ಯಂತ್ರದ ಒಳಗೆ ಗಡಿಯಾರ ನಡೆಸುವ ಬಟನ್ ಗಾತ್ರದ ಒಂದು ಬ್ಯಾಟರಿ ಯಾವತ್ತೋ ಸತ್ತಿತ್ತು. ಕರೆಂಟು ಹೋಗಿ ಬಂದರೆ ಅದು ತಾನು ತಯಾರಾದ ವರ್ಷಕ್ಕೆ ವಾಪಸಾಗುತ್ತಿತ್ತು. ಗುರುತುಪತ್ರದ ಮೇಲೆ ಈ ವರ್ಷದ ದಿನಾಂಕ, ಯಂತ್ರದ ತಲೆಯಲ್ಲಿ ಹಳೇ ವರ್ಷ. ಉಳಿದ ಯಂತ್ರಗಳು ನಂಬುವುದಾದರೂ ಹೇಗೆ? ಗಡಿಯಾರ ಹೊಂದಿಸುವ ಸಾಲು ಸ್ಕ್ರಿಪ್ಟಿನಲ್ಲೂ ಇತ್ತು, ಆದರೆ ಅದು ನಿಮಿಷಗಳ ಲೋಪ ತಿದ್ದುವಂಥದ್ದು. ವರ್ಷಗಟ್ಟಲೆ ಹಿಂದೆ ಬಿದ್ದವರನ್ನು ಕಂಡರೆ ಅದೂ ಕೈಚೆಲ್ಲುತ್ತಿತ್ತು. ಇದನ್ನು ಅವನು ಬಹಳ ಹಿಂದೆಯೇ ಕಂಡುಹಿಡಿದಿದ್ದ. ಬ್ಯಾಟರಿಯನ್ನು ನಾಳೆ ಬದಲಾಯಿಸೋಣ, ಇವತ್ತಿಗೆ ಕೈಯಿಂದ ಹೊಂದಿಸೋಣ ಎಂದುಕೊಂಡಿದ್ದ. ಆ ನಾಳೆ ಬರಲಿಲ್ಲ. ಇವತ್ತು ಮಾತ್ರ ಬೆರಳಿಗೆ ಇಳಿದು ಚಟವಾಗಿ, ತಲೆಗೆ ಅದರ ಸುಳಿವೇ ಉಳಿದಿರಲಿಲ್ಲ. ಅವನು ಸೋತು ನಿಂತ ಸ್ಕ್ರಿಪ್ಟಿನ ಮುಂದೆ ಕೂತು ‘ಏನೂ ತಪ್ಪಿಲ್ಲವಲ್ಲ’ ಎಂದು ಹುಡುಕುವಾಗಲೇ ಬೆರಳು ತನ್ನ ಪಾಡಿಗೆ ಆ ತಪ್ಪನ್ನು ಒರೆಸಿಹಾಕುತ್ತಿತ್ತು.

“ಹಾಗಾದ್ರೆ ಸಾರ್, ಇಡೀ ವ್ಯವಸ್ಥೆಯಲ್ಲಿ ಆಟೋಮ್ಯಾಟಿಕ್ ಅಂತ ಇದ್ದದ್ದು ನೀವೊಬ್ರೇ,” ಎಂದರು ಮೇಡಂ. ಈ ಸಲ ಅವರು ನಕ್ಕರು. ಅವನೂ ನಕ್ಕ, ಕಿವಿ ಕೆಂಪಗೆ ಮಾಡಿಕೊಂಡು. ಸ್ಕ್ರಿಪ್ಟಿಗಾಗಿ ಬರೆದ ಅಷ್ಟೊಂದು ಸಾಲುಗಳಲ್ಲಿ ಬರೆಯದೆ ಬಿಟ್ಟ ಒಂದೇ ಒಂದು ಸಾಲು ತಾನು ಎಂದು ತಿಳಿದಾಗ ಮನುಷ್ಯ ಇನ್ನೇನು ಮಾಡಿಯಾನು.

ಮೇಡಂ ಕೆಳಗಿನ ಬೀದಿಯ ವಾಚ್ ರಿಪೇರಿ ಅಂಗಡಿಯಿಂದ ಬ್ಯಾಟರಿ ತಂದು, ಮೂರನೇ ಯಂತ್ರದ ಹೊಟ್ಟೆ ಬಿಚ್ಚಿ, ತಮ್ಮ ಕೈಯಾರೆ ಹಾಕಿದರು. ಮುಂದೆ ಯಾವ ಯಂತ್ರವಾದರೂ ಕಾಲ ಮರೆತರೆ ಸ್ಕ್ರಿಪ್ಟ್ ಮೊದಲಿಗೇ ನಿಂತು ಕೂಗಿಕೊಳ್ಳುವಂತೆ ಒಂದು ಪರೀಕ್ಷೆಯನ್ನೂ ಸೇರಿಸಿದರು. ಮತ್ತೆ ಕರೆಂಟು ತೆಗೆದು ಓಡಿಸಿದರು. ಆಟೋಮ್ಯಾಟಿಕ್‌ನನ್ನು ಕೋಣೆಯಿಂದಲೇ ಹೊರಗೆ ಹಾಕಿದ್ದರು. ಅವನು ಮೆಟ್ಟಿಲ ಮೇಲೆ ಕೂತು ಬಾಗಿಲ ಗಾಜಿನೊಳಗೆ ಇಣುಕುತ್ತಿದ್ದ. ಕೊನೆಯವರೆಗೂ ಹಸಿರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ಅವನು ತನ್ನ ಪ್ರತಿಷ್ಠೆಯ ವಿಷಯದಲ್ಲಿ ಅರ್ಥ ಮಾಡಿಕೊಂಡ. ಮೇಡಂ ಹೆಬ್ಬೆರಳು ಎತ್ತಿ ತೋರಿಸಿದಾಗ ಅವನಿಗೆ ಆದದ್ದು ಸಂತೋಷವಲ್ಲ, ಸಂಕಟ. ಮನೆಯಲ್ಲಿ ಬೇಡವಾದ ಹಳೇ ಬೀರುವಿನ ಹಾಗೆ ಮೆಟ್ಟಿಲ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದ.

ಆಪರೇಷನ್ ದಿನ ಡಾಕ್ಟರು ಮತ್ತೆ ಗದ್ದ ಊರಿಸಿ ನೋಡಿ, “ದೊಡ್ಡದಾಗಿದೆ. ಮೊದಲೇ ಬರ್ಬೇಕಿತ್ತು,” ಎಂದರು. “ಇನ್ನು ನನ್ನ ಕೈಯಲ್ಲಿ ಅರ್ಧ, ನಿಮ್ಮ ಕತ್ತಿನಲ್ಲಿ ಅರ್ಧ. ತಲೆ ಎತ್ತಿದ್ರೋ, ಗುಳ್ಳೆ ಜಾಗ ಬಿಡತ್ತೆ. ಮುಚ್ಚಿದ್ರೆ ಈ ಸಲವೇ ಮುಚ್ಚಬೇಕು.”

ಹೆಂಡತಿ ಮುಖ ಊರಲು ಉಂಗುರದಂಥ ಒಂದು ದಿಂಬು ಹೊಲಿದಿಟ್ಟಿದ್ದಳು, ನಡುವೆ ಖಾಲಿ, ಸುತ್ತಲೂ ಮೆತ್ತಗೆ. ಒಳಕೋಣೆಯ ಮಂಚದ ಅಂಚಿಗೆ ಅದನ್ನಿಟ್ಟು ಅವನನ್ನು ಬೋರಲು ಮಲಗಿಸಿದಳು. ಅವನ ಲೋಕ ಈಗ ನೆಲದ ನಾಲ್ಕು ಹಾಸುಗಲ್ಲುಗಳಿಗೆ ಇಳಿಯಿತು. ಅದರಲ್ಲಿ ಆಗಾಗ ಹೆಂಡತಿಯ ಪಾದಗಳು ಬರುತ್ತಿದ್ದವು, ಒಂದು ತಟ್ಟೆ ಬರುತ್ತಿತ್ತು, ಒಮ್ಮೊಮ್ಮೆ ಒಂದು ಇರುವೆ. ಇರುವೆ ಬಂದಾಗ ಅವನಿಗೆ ಹಬ್ಬ.

ಮರುದಿನವೇ ಕಚೇರಿಯಲ್ಲಿ ಬದಲಾವಣೆ. ಅಷ್ಟೂ ವಿಭಾಗಗಳು ಹೊಸ ಕ್ಲೌಡಿಗೆ ಹತ್ತುವ ದಿನ. ಬೆಳಗಿನಿಂದ ಅವನ ಕಿವಿಯೆಲ್ಲ ಫೋನಿನ ಮೇಲೆ. ಮಧ್ಯಾಹ್ನ ಒಂದು ಸಂದೇಶ ಬಂತು. ಹೆಂಡತಿ ಓದಿದಳು: “ಆಯ್ತು ಸಾರ್.”

“ಅಷ್ಟೇನಾ? ಕೆಳಗೆ ಇನ್ನೇನಾದ್ರೂ ಇದ್ಯಾ ನೋಡು.”

“ಇಲ್ಲ. ಆಯ್ತು ಸಾರ್ ಅಂತ, ಅಷ್ಟೇ.”

“ಮೂರನೇದು...?”

“ರೀ, ಆಯ್ತಂತೆ.”

ಇಷ್ಟು ವರ್ಷ ಕಟ್ಟಿದ ಕೆಲಸ ತಾನಿಲ್ಲದೆ ಸರಾಗವಾಗಿ ಮುಗಿದದ್ದು ಅವನಿಗೆ ತಡೆಯಲಾಗಲಿಲ್ಲ. ಅವಳು ಮುಂದಿನ ಕೋಣೆಗೆ ಹೋದ ಮೇಲೆ ಅವನು ಮಗ್ಗುಲಾಗಿ, ಮೊಣಕೈ ಊರಿ, ಕತ್ತೆತ್ತಿ ಮೇಜಿನ ಮೇಲಿನ ಫೋನಿಗೆ ಕೈ ಚಾಚಿದ. ಆ ಸಂದೇಶದ ಕೆಳಗೆ ಏನೋ ಇದ್ದೇ ಇರುತ್ತದೆ, ಇವಳಿಗೆ ನೋಡಲು ಬಂದಿಲ್ಲ ಎಂಬ ನಂಬಿಕೆ. ನೀರಿನ ಲೋಟ ಹಿಡಿದು ಒಳಗೆ ಬಂದ ಹೆಂಡತಿ ಅದನ್ನು ನೋಡಿದಳು. ಲೋಟ ಕೆಳಗೆ ಬಿತ್ತು. ಅವಳು ಕೂಗಲಿಲ್ಲ, ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ದಿಂಬಿಗೆ ಒತ್ತಿದಳು. “ಕುರುಡಾದ್ರೆ ನಿಮ್ಮ ಕ್ಲೌಡು ಬಂದು ಕೈ ಹಿಡಿದು ನಡೆಸತ್ತಾ?” ಎಂದಳು. ಅವಳು ಅಳುತ್ತಿದ್ದಾಳೆಂದು ಅವನಿಗೆ ದನಿಯಿಂದ ಗೊತ್ತಾಯಿತು. ಪಾದಗಳು ಏನನ್ನೂ ಹೇಳುವುದಿಲ್ಲವಲ್ಲ.

ಮಾರನೆಯ ಸಂಜೆ ಫೋನು ಬಂತು. ಹೆಂಡತಿ ಅದನ್ನು ನೆಲದ ಮೇಲೆ, ಸರಿಯಾಗಿ ಅವನ ಮೂಗಿನ ಕೆಳಗಿಟ್ಟು ಸ್ಪೀಕರ್ ಹಾಕಿದಳು.

“ಸಾರ್, ತೊಂದರೆ ಕೊಡ್ತಾ ಇದೀನಿ,” ಎಂದರು ಮೇಡಂ. “ಆ ಸೋರೋ ಕೊಳವೆ ಕೆಳಗಿನ ಬಕೆಟ್ಟು ಯಾವ ಕಡೆ ಇಡ್ಬೇಕು?”

ಅವನ ಜೀವ ಬಂದಲ್ಲಿಗೆ ಬಂತು. ಬೆಸುಗೆಯ ನೇರಕ್ಕೆ ಇಟ್ಟರೆ ಪ್ರಯೋಜನವಿಲ್ಲ, ನೀರು ಕೊಳವೆಯ ಹೊಟ್ಟೆಗುಂಟ ಹರಿದು ಗೋಡೆಯ ಕಡೆ ಬೀಳುತ್ತದೆ, ಎರಡು ಗೇಣು ಸರಿಸಿಡಬೇಕು ಎಂದು ವಿವರಿಸಿದ. ನೋಡಿದೆಯಾ, ಎಂಬ ಗತ್ತಿನಲ್ಲಿ ಕೆಳಗೆ ಕಂಡ ಪಾದಗಳ ಕಡೆ ನೋಡಿದ. ಮರುದಿನವೂ ಫೋನು. ಆ ಕೋಣೆಯ ತಂಪು ಎಷ್ಟಕ್ಕಿರಬೇಕು? ಅದರ ಮರುದಿನ, ಮೀಟರ್ ವಿಭಾಗದವರು ತಿಂಗಳ ಯಾವ ವಾರ ಹೆಚ್ಚು ಕಿರಿಕಿರಿ ಮಾಡುತ್ತಾರೆ? ಒಂದೊಂದಕ್ಕೂ ಅವನು ವಿಸ್ತಾರವಾಗಿ, ಹಿನ್ನೆಲೆ ಸಮೇತ ಉತ್ತರಿಸಿದ. ಬೆಳಿಗ್ಗೆ ಎದ್ದರೆ, ಎದ್ದರೆ ಎಂದರೆ ಬೋರಲಲ್ಲೇ ಎಚ್ಚರವಾದರೆ, ಇವತ್ತು ಏನು ಕೇಳಬಹುದು ಎಂದು ಯೋಚಿಸುತ್ತಾ ಸಂಜೆಯವರೆಗೆ ಕಲ್ಲಿನಂತೆ ಮಲಗಿರುತ್ತಿದ್ದ. ನಡುವೆ ಪರೀಕ್ಷೆಗೆ ಕರೆದೊಯ್ದಾಗ ಡಾಕ್ಟರು, ತೂತಿನ ಅಂಚು ಕೂಡಿಕೊಳ್ಳುತ್ತಿದೆ, ಪೂರ್ತಿ ನೋಟ ಬಾರದಿದ್ದರೂ ಓದುವಷ್ಟು ಬಂದೀತು, ಇನ್ನೂ ಹೀಗೇ ಅಲುಗದೆ ಇರಿ ಎಂದರು. ಹೆಂಡತಿ ಒಂದು ದೀರ್ಘ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು.

ಆ ಸಂಜೆಯ ಪ್ರಶ್ನೆ ಹೀಗಿತ್ತು: “ಸಾರ್, ಅದು... ಸಮಯ ಮರೆತು ಹಳೇ ವರ್ಷಕ್ಕೆ ಹೋಗೋ ಯಂತ್ರ ಯಾವುದು? ಮೂರನೇದಾ, ನಾಲ್ಕನೇದಾ?”

“ಮೂರನೇದು ಮೇಡಂ. ಅದರ ಬ್ಯಾಟರಿ...” ಎಂದು ಶುರು ಮಾಡಿದವನು ನಿಲ್ಲಿಸಿದ. ಬ್ಯಾಟರಿ ಹಾಕಿದವರೇ ಇವರಲ್ಲವೇ? ತನ್ನ ಎಡಗೈ ಹಿಡಿದು ಕಳ್ಳನನ್ನು ಪತ್ತೆಹಚ್ಚಿದವರೂ ಇವರೇ. ಬಕೆಟ್ಟು ಅವರ ಮೇಜಿನ ಪಕ್ಕದಲ್ಲೇ ಇತ್ತು. ತಂಪಿನ ಅಂಕಿ ಬಾಗಿಲ ಮೇಲೆ ಅಂಟಿಸಿತ್ತು.

“ಮೇಡಂ, ನಾಳೆ ಏನು ಕೇಳ್ತೀರಿ?”

ಯಂತ್ರದ ಮುಂದೆ ಎಂದೂ ತಡವರಿಸದ ಮೇಡಂ ಈಗ ತಡವರಿಸಿದರು.

“ಅಕ್ಕ ಇನ್ನೂ ಹೇಳಿಲ್ಲ ಸಾರ್,” ಎಂದರು ಕೊನೆಗೆ.

ಅವನು ನಕ್ಕ. ಎಷ್ಟು ನಕ್ಕನೆಂದರೆ ಬೆನ್ನು ಕುಲುಕಿ ಮಂಚ ಕಿರುಗುಟ್ಟಿತು. ತಕ್ಷಣ ಒಂದು ಅಂಗೈ ಬಂದು ಅವನ ತಲೆಯ ಹಿಂಭಾಗದ ಮೇಲೆ ಕೂತಿತು. “ನಗಿ, ಬೇಡ ಅನ್ನಲ್ಲ. ತಲೆ ಮಾತ್ರ ಎತ್ತಬೇಡಿ,” ಎಂದಳು ಹೆಂಡತಿ. ಮೇಡಂ ಫೋನಿಟ್ಟರು.

“ಈ ಪ್ರಶ್ನೆಗಳೆಲ್ಲ ನಿಂದಾ?”

“ಹೂಂ.”

“ನಿನಗೆ ಇದೆಲ್ಲಾ ಹೇಗೆ ಗೊತ್ತು? ಕೊಳವೆ, ಬಕೆಟ್ಟು, ಮೀಟರ್‌ನವರ ಗಲಾಟೆ? ಮೂರನೇ ಯಂತ್ರ ಕೂಡಾ?”

“ಇಷ್ಟು ವರ್ಷ ಊಟದ ತಟ್ಟೆ ಮುಂದೆ ಕೂತು ಫೋನಲ್ಲಿ ಇದನ್ನೇ ತಾನೇ ಮಾತಾಡಿದ್ದು ನೀವು? ನನಗೇನು ಕಿವಿ ಇಲ್ವಾ?”

ಅವನಿಗೆ ನಾಚಿಕೆಯಾಯಿತು, ಪ್ರೀತಿಯುಕ್ಕಿತು, ಎರಡೂ ಒಟ್ಟಿಗೇ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ತಾನೂ ಅವಳಿಗೆ ಒಂದು ಪ್ರಶ್ನೆ ಕೇಳಬೇಕು ಎನಿಸಿತು. ಅವಳ ಕೆಲಸದ್ದು, ಅವಳು ಮಾತ್ರ ಉತ್ತರಿಸಬಲ್ಲಂಥದ್ದು. ಯೋಚಿಸಿದ. ಹೊಲಿಗೆ ಎಂದರೆ ಬಟ್ಟೆ, ದಾರ, ಸೂಜಿ. ಅದಕ್ಕಿಂತ ಮುಂದೆ ತಲೆ ಓಡಲಿಲ್ಲ. ಅವಳಿಗೆ ಬಟ್ಟೆ ಎಲ್ಲಿಂದ ಬರುತ್ತದೆ, ಯಾವ ಶಾಲೆಯವರು ತೊಂದರೆ ಕೊಡುತ್ತಾರೆ, ಒಂದೂ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದನ್ನು ಹುಡುಕಿ ತೆಗೆದ.

“ನಿನ್ನ ಆ ತುಳಿಯೋ ಮೆಷಿನ್ನಿಗೆ ಎಣ್ಣೆ ಎಷ್ಟು ದಿನಕ್ಕೊಂದು ಸಲ ಹಾಕ್ತೀಯಾ?”

ಪಾದಗಳು ಅಲ್ಲೇ ನಿಂತವು.

“ಅದನ್ನ ಮಾರಿ ಮೋಟಾರಿನದು ತಂದು ಎಷ್ಟೋ ವರ್ಷ ಆಯ್ತಲ್ರೀ. ಈ ವಾರವೆಲ್ಲ ಮುಂದಿನ ಕೋಣೆಯಿಂದ ಸದ್ದು ಕೇಳ್ತಿತ್ತಲ್ಲ, ಏನಂದ್ಕೊಂಡ್ರಿ?”

“ಮಿಕ್ಸಿ ಅಂದ್ಕೊಂಡೆ.”

“ಇಡೀ ದಿನ ಮಿಕ್ಸಿನಾ?”

ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು. ಎಷ್ಟೋ ದಿನಗಳ ಮೇಲೆ ಅವನಿಗೆ ಅವಳ ಮಡಿಲು ಕಾಣಿಸಿತು, ಅದರ ಮೇಲಿನ ಕೈ ಕಾಣಿಸಿತು, ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿದ ಸಣ್ಣ ಗುರುತುಗಳು ಕಾಣಿಸಿದವು.

“ಬೇರೆ ಏನಾದ್ರೂ ಕೇಳಿ,” ಎಂದಳು. “ಇನ್ನೂ ಎರಡು ದಿನ ಮಲಗೋದಿದೆ.”